ಮೊದಲು ಒಳನುಗ್ಗುವವನು

ಐದು ಜನರ ತಂಡದಲ್ಲಿ ಯಾರಿಗೂ ಬೇಡವಾಗಿ ಕೊನೆಗೆ ಉಳಿಯುವ ಜಾಗ ಸಪೋರ್ಟ್‌ನದು ಎಂದು ಹೇಳುವವರಿದ್ದಾರೆ. ನಾನು ಅದನ್ನು ಕೇಳಿ ಪಡೆಯುತ್ತೇನೆ. ಅದರಲ್ಲೂ ಹಿಂದೆ ನಿಂತು ಗಾಯ ಮಾಯಿಸುವ ಸಪೋರ್ಟ್ ನನಗೆ ಒಗ್ಗುವುದಿಲ್ಲ. ಗುರಾಣಿ ಹಿಡಿದು ಎದುರಾಳಿಯ ಮೈಮೇಲೆ ಬಿದ್ದು, ಬರುವ ಏಟನ್ನೆಲ್ಲ ತಿನ್ನುವ ಟ್ಯಾಂಕ್ ಸಪೋರ್ಟ್ ನನಗಿಷ್ಟ. 2009ರಲ್ಲಿ ಬಂದ ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ವಿಡಿಯೋ ಗೇಮ್‌ನಲ್ಲಿ ಈ ಕೆಲಸಕ್ಕೆ ಹೇಳಿಮಾಡಿಸಿದ ಪಾತ್ರಗಳಿವೆ. ಗೂಳಿಮೊಗದ ಅಲಿಸ್ಟಾರ್, ಬಾಗಿಲನ್ನೇ ಗುರಾಣಿ ಮಾಡಿಕೊಂಡ ಬ್ರಾಮ್, ಸೂರ್ಯನನ್ನು ನಂಬಿದ ಯೋಧೆ ಲಿಯೋನಾ. ನನಗೆ ಲಿಯೋನಾಳೇ ಆಗಬೇಕು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎರಡು ತಂಡ, ಮೂರು ದಾರಿ. ಎದುರಿನವರ ಕೋಟೆಯೊಳಗಿನ ನೆಕ್ಸಸ್ ಒಡೆದವರು ಗೆದ್ದರು. ದಾರಿಗಳಲ್ಲಿ ಮಿನಿಯನ್ ಎಂಬ ಪುಟ್ಟ ಸೈನಿಕರು ಸಾಲಾಗಿ ಬರುತ್ತಾರೆ. ಅವರಿಗೆ ಕೊನೆಯ ಏಟು ಕೊಟ್ಟವರಿಗೆ ಗೋಲ್ಡ್. ಗೋಲ್ಡ್ ಇದ್ದಷ್ಟೂ ಒಳ್ಳೆಯ ಆಯುಧ. ಕೆಳಗಿನ ದಾರಿಯಲ್ಲಿ ಸಪೋರ್ಟ್ ಜೊತೆಗಿರುವುದು ದೂರದಿಂದ ಹೊಡೆಯುವ ಎಡಿಸಿ. ಆ ಗೋಲ್ಡ್ ಹೆಚ್ಚುಕಡಿಮೆ ಎಲ್ಲ ಅವನದು. ಹಾಗಾಗಿ ತಂಡದಲ್ಲೇ ಬಡವ ಸಪೋರ್ಟ್.

ಇದನ್ನು ನೋಡಿದವರು ತ್ಯಾಗ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಾದಾಟ ಯಾವಾಗ ಶುರುವಾಗಬೇಕು, ಎಲ್ಲಿ, ಯಾರ ಮೇಲೆ ಎಂಬುದನ್ನು ಬಹುಪಾಲು ತೀರ್ಮಾನಿಸುವವನು ಟ್ಯಾಂಕ್. ಗೋಲ್ಡ್ ಎಡಿಸಿಯ ಕೈಯಲ್ಲಿದ್ದರೆ ಗಳಿಗೆ ಟ್ಯಾಂಕ್‌ನ ಕೈಯಲ್ಲಿದೆ. ಐದು ಜನರ ಪೈಕಿ ಇದಕ್ಕಿಂತ ದೊಡ್ಡ ಅಧಿಕಾರ ಇನ್ಯಾರಿಗಿದೆ?

ಡ್ರ್ಯಾಗನ್ ಗುಹೆಯ ಪಕ್ಕದ ಪೊದೆಯೊಳಗೆ ಲಿಯೋನಾಳನ್ನು ನಿಲ್ಲಿಸಿ ನೋಡಿ. ಎದುರಿನ ಐವರು ಬರುತ್ತಿದ್ದಾರೆ. ಮುಂದೆ ಅವರ ಟ್ಯಾಂಕ್, ಅವನ ಬೆನ್ನಿಗೆ ಅವರ ಎಡಿಸಿ. ಲಿಯೋನಾಳ ಕತ್ತಿಯ ಬೆಳಕು ಸಾಲಿನಲ್ಲಿದ್ದವರನ್ನೆಲ್ಲ ಹಾದುಹೋಗಿ, ಕೊನೆಯಲ್ಲಿ ಸಿಕ್ಕವನನ್ನು ಅರೆ ಸೆಕೆಂಡು ನೆಲಕ್ಕೆ ಕಚ್ಚಿಸಿ, ಅವಳನ್ನು ಅವನ ಬಳಿಗೇ ಎಳೆದೊಯ್ಯುತ್ತದೆ. ಮುಂದಿದ್ದ ಟ್ಯಾಂಕನ್ನು ದಾಟಿ ಅವನ ಹಿಂದೆ ಅಡಗಿದವನನ್ನು ಮುಟ್ಟುವ ದಾರಿ ಇದು. ತಲುಪಿದೊಡನೆ ಗುರಾಣಿಯ ಏಟು. ಅವನು ಇನ್ನೊಂದು ಸೆಕೆಂಡು ಸ್ಟನ್, ಏನೂ ಮಾಡಲಾರ. ಕತ್ತಿ ಬೀಸುವ ಮೊದಲೇ ಮೈಗೆ ರಕ್ಷೆ ಕಟ್ಟಿಕೊಂಡಿರಬೇಕು, ಇಲ್ಲವಾದರೆ ಹೋದಷ್ಟೇ ಬೇಗ ಸಾವು. ಹೀಗೆ ಅವಳು ಕೊಡಿಸುವ ಸಮಯ ಎಲ್ಲ ಸೇರಿ ಒಂದೂವರೆ ಸೆಕೆಂಡು. ಆಡಿದವರಿಗೆ ಗೊತ್ತು, ಅದು ಸಣ್ಣ ಹೊತ್ತಲ್ಲ.

ಆದರೆ ಆ ಹೊತ್ತನ್ನು ಅವಳೊಬ್ಬಳೇ ಬಳಸಿಕೊಳ್ಳಲಾರಳು. ಕಬಡ್ಡಿಯಲ್ಲಿ ಮೂಲೆಯವನು ರೈಡರ್‌ನ ಕಣಕಾಲು ಹಿಡಿದಾಗ ಉಳಿದವರು ಮೇಲೆ ಬೀಳದಿದ್ದರೆ ರೈಡರ್ ಅವನನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನಲ್ಲ, ಇಲ್ಲಿಯೂ ಹಾಗೆಯೇ. ಲಿಯೋನಾಳನ್ನು ರೂಪಿಸಿದವರು ಇದನ್ನು ಚೆನ್ನಾಗಿ ಬಲ್ಲವರು. ಅವಳ ಏಟು ತಿಂದವನ ಮೇಲೆ ಒಂದು ಬಿಸಿಲಿನ ಗುರುತು ಮೂಡುತ್ತದೆ. ಅದು ಸಿಡಿದು ಹೆಚ್ಚಿನ ಪೆಟ್ಟಾಗುವುದು ಜೊತೆಗಾರರು ಅವನನ್ನು ಹೊಡೆದಾಗ ಮಾತ್ರ. ತಾನು ಹಾಕಿದ ಗುರುತನ್ನು ತಾನೇ ಸಿಡಿಸುವ ಶಕ್ತಿ ಅವಳಿಗಿಲ್ಲ. ಈ ಆಟದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವಿಷಯ ಇದೊಂದೇ ಎಂದರೂ ತಪ್ಪಿಲ್ಲ.

ಹೀಗಾಗಿ ಟ್ಯಾಂಕ್‌ಗೆ ಧೈರ್ಯಕ್ಕಿಂತ ಹೆಚ್ಚಾಗಿ ಬೇಕಾದದ್ದು ಸಹನೆ. ನಮ್ಮ ಎಡಿಸಿ ಎಷ್ಟು ಹತ್ತಿರ ಇದ್ದಾನೆ, ಎದುರಿನವನು ತಪ್ಪಿಸಿಕೊಳ್ಳುವ ಫ್ಲ್ಯಾಶ್ ಆಗಲೇ ಖರ್ಚು ಮಾಡಿದ್ದಾನೆಯೇ ಎಂದು ಲೆಕ್ಕ ಇಡುತ್ತಿರಬೇಕು. ಒಮ್ಮೆ ಬಳಸಿದ ಫ್ಲ್ಯಾಶ್ ಮರಳಿ ಸಿಗಲು ಸುಮಾರು ಐದು ನಿಮಿಷ ಬೇಕು. ಆ ಐದು ನಿಮಿಷ ಅವನು ನಮ್ಮವನು. ಹತ್ತು ಅವಕಾಶ ಬಿಟ್ಟು ಹನ್ನೊಂದನೆಯದಕ್ಕೆ ನುಗ್ಗಿದವನು ಹೇಡಿಯಲ್ಲ, ಕೆಲಸ ಬಲ್ಲವನು.

ಕಣ್ಣಿನ ಕೆಲಸವೂ ಸಪೋರ್ಟ್‌ನದೇ. ಮ್ಯಾಪ್‌ನ ಕತ್ತಲಲ್ಲಿ ಯಾರು ಎಲ್ಲಿದ್ದಾರೆಂದು ತೋರಿಸುವ ವಾರ್ಡ್‌ಗಳನ್ನು ನೆಡುವುದು, ಎದುರಿನವರ ವಾರ್ಡ್ ಕಿತ್ತು ಅವರನ್ನು ಕುರುಡಾಗಿಸುವುದು. ಮೊದಲ ವರ್ಷಗಳಲ್ಲಂತೂ ಸಪೋರ್ಟ್‌ನ ಗೋಲ್ಡ್ ಬಹಳಷ್ಟು ವಾರ್ಡ್ ಕೊಳ್ಳುವುದಕ್ಕೇ ಹೋಗುತ್ತಿತ್ತು. 2014ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಸೋಲ್‌ನ ವರ್ಲ್ಡ್ ಕಪ್ ಸ್ಟೇಡಿಯಂನಲ್ಲಿ ನಡೆದು ಸ್ಯಾಮ್‌ಸಂಗ್ ವೈಟ್ ಗೆದ್ದಾಗ, ಶ್ರೇಷ್ಠ ಆಟಗಾರನೆಂಬ ಗೌರವ ಸಂದದ್ದು ಆ ತಂಡದ ಸಪೋರ್ಟ್ ‘ಮಾಟಾ’ಗೆ. ಮ್ಯಾಪ್‌ನ ಬೆಳಕು ಕತ್ತಲನ್ನು ಅವನಷ್ಟು ಹಿಡಿತದಲ್ಲಿಟ್ಟುಕೊಂಡವರು ಆಗ ವಿರಳ. ಹೆಚ್ಚು ಕೊಂದವನೇ ದೊಡ್ಡವನು ಎನ್ನುವವರು ಆ ಪಂದ್ಯಗಳನ್ನು ಇವತ್ತಿಗೂ ನೋಡಬೇಕು.

ಅಪರಿಚಿತರೊಡನೆ ಆಡುವಾಗ ಇದೆಲ್ಲ ಇನ್ನೂ ಕಷ್ಟ. ಒಬ್ಬೊಬ್ಬರು ಒಂದೊಂದು ಊರಿನವರು. ಕಾದಾಟದ ನಡುವೆ ಮಾತಿಗೆ ಹೊತ್ತಿಲ್ಲ, ಹೆಚ್ಚಾಗಿ ನೆಚ್ಚುವುದು ಮ್ಯಾಪ್ ಮೇಲೆ ಒತ್ತುವ ಪಿಂಗ್ ಎಂಬ ಸೂಚನೆಯನ್ನೇ. ‘ಹೋಗುತ್ತಿದ್ದೇನೆ’ ಎಂದು ಪಿಂಗ್ ಒತ್ತಿ ಒಳಗೆ ಹಾರಿದಾಗ, ಹೆಸರೂ ಗೊತ್ತಿಲ್ಲದ ನಾಲ್ವರು ಒಟ್ಟಿಗೆ ಹಿಂದೆ ಬಂದರೆ ಆಗುವ ಸಂತೋಷ ಗೆಲುವಿಗಿಂತ ಕಡಿಮೆಯದಲ್ಲ. ಯಾರೂ ಬರದಿದ್ದರೆ ಲಿಯೋನಾ ಐವರ ನಡುವೆ ಬಿದ್ದು ಸಾಯುತ್ತಾಳೆ, ಆಮೇಲೆ ಬೈಗುಳವೂ ಅವಳಿಗೇ.

ಎಡಿಸಿ ಆಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಟ್ಯಾಂಕ್ ನುಗ್ಗಿದ್ದು ನಿಮಗೆ ಸರಿಕಾಣದಿದ್ದರೂ, ಕೈಗೆಟುಕುವ ದೂರದಲ್ಲಿದ್ದರೆ, ಅವನು ಹಿಡಿದವನನ್ನೇ ಮೊದಲು ಹೊಡೆಯಿರಿ. ಸರಿಯೋ ತಪ್ಪೋ ಎಂಬ ಚರ್ಚೆ ಪಂದ್ಯ ಮುಗಿದ ಮೇಲೆ ಇರಲಿ.