ರೋಗಿಯ ಮಾತು ಬಲ್ಲ ಮಕ್ಕಳು

ತಮಿಳುನಾಡಿನ ಗಡಿಯಲ್ಲಿ ಕನ್ನಡ ಮಾತಾಡುವ ತಾಳವಾಡಿಯ ನಮಗೆ ಕಾಯಿಲೆ ಜೋರಾದರೆ ಎರಡೇ ದಾರಿ. ಒಂದು ಚಾಮರಾಜನಗರದ ಕಡೆಗೆ, ಇನ್ನೊಂದು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ. ಘಾಟಿ ಇಳಿದರೆ ಆಸ್ಪತ್ರೆಯ ಮಾತೆಲ್ಲ ತಮಿಳು. ಶಾಲೆಯಲ್ಲಿ ತಮಿಳು ಕಲಿತ ಮೊಮ್ಮಕ್ಕಳು ಆಗ ಅಜ್ಜಿಯ ಜೊತೆ ಹೋಗಲೇಬೇಕು. ಎದೆಯುರಿಯೋ ಎದೆನೋವೋ ಎಂಬುದನ್ನು ಡಾಕ್ಟರಿಗೆ ಮುಟ್ಟಿಸುವವರು ಅವರೇ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಗೆ ಗಡಿಯ ಗೋಜಿಲ್ಲ, ಸುತ್ತ ಎಲ್ಲಿ ನೋಡಿದರೂ ಕನ್ನಡ. ನೆಂಟರ ಮನೆಗೆಂದು ಹೋದಾಗ ಅಲ್ಲೂ ಇದೇ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಕಂಡೆ. ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಜಗುಲಿಯ ಮೇಲೆ ತಾತನ ಪಕ್ಕ ಕೂತು, ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಹಾಳೆಗೂ ಮಾತ್ರೆಗಳಿಗೂ ತಾಳೆ ನೋಡುತ್ತಿದ್ದಳು. ‘ತಾತ, ಮೂಲೆ ಕತ್ತರ್ಸಿರೋದು ಖಾಲಿ ಹೊಟ್ಟೇಲಿ, ಇನ್ನೊಂದು ಉಂಡ್ಮೇಲೆ’ ಎಂದು ಮಾತ್ರೆಯ ಪಟ್ಟಿಗೇ ಕತ್ತರಿಯಲ್ಲಿ ಗುರುತು ಮಾಡಿ ಕೊಟ್ಟಳು. ‘ಮುಂದೇನವ್ವ ಓದ್ತೀಯೆ?’ ಎಂದೆ. ‘ಕಾಮರ್ಸು. ಸೈನ್ಸೆಲ್ಲ ಇಂಗ್ಲಿಷು, ನಮ್ ಕೈಲಾಗಲ್ಲ.’

ಡಾ. ಬೆಸಗರಹಳ್ಳಿ ರಾಮಣ್ಣನವರ (1938–1998) ಊರಿನಲ್ಲಿ ಈ ಮಾತು ಕೇಳಿ ಸಂಕಟವಾಯಿತು. ವೈದ್ಯರಾಗಿದ್ದವರು, ಕಥೆಗಾರರೂ ಆಗಿದ್ದವರು. ಮಂಡ್ಯ ಸೀಮೆಯ ಜನ ಮಾತಾಡುವ ಕನ್ನಡ ಅವರ ಕಥೆಗಳಲ್ಲಿ ಹಾಗೇ ಉಳಿದಿದೆ. ಅಂಥ ಕಿವಿಯಿರುವ ವೈದ್ಯರ ಮುಂದೆ ರೋಗಿ ಬಾಯಿಬಿಡುತ್ತಾನೆ. ಆ ಕಿವಿ ಈ ಹುಡುಗಿಗೂ ಇದೆ.

ಇಂಥ ಮಕ್ಕಳು ಎಡವುವುದು ಪ್ರಥಮ ಪಿಯುಸಿಯಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಜೀವಶಾಸ್ತ್ರ ಏಕಾಏಕಿ ಇಂಗ್ಲಿಷಾಗುತ್ತದೆ. ಎಂಟನೇ ಕ್ಲಾಸಿನಿಂದಲೇ ವಿಜ್ಞಾನವನ್ನು ಎರಡೂ ಭಾಷೆಯಲ್ಲಿ ಕಿವಿಗೆ ಹಾಕಿದ್ದರೆ ಈ ದಿಗಿಲು ಇಷ್ಟಿರುತ್ತಿರಲಿಲ್ಲ. ನೀಟ್ ಕೋಚಿಂಗಿನ ಮಾತು ಆಮೇಲಿನದು.

ನಮ್ಮ ತಮಿಳುನಾಡಿನಲ್ಲಿ ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ 2020ರಿಂದ ರಾಜ್ಯದ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲು. ಕರ್ನಾಟಕದಲ್ಲಿ ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಇದೆ. ನೀಟನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಆ ಜಗುಲಿಯಲ್ಲಿದ್ದ ಯಾರಿಗೂ ಇದು ತಿಳಿದಿರಲಿಲ್ಲ. ಆ ಮೀಸಲಿಗೆ ಬಿಇಒ ಸಹಿಯ ವ್ಯಾಸಂಗ ಪ್ರಮಾಣಪತ್ರ ಬೇಕೆಂಬುದಂತೂ ದೂರದ ಮಾತು.

ಎಂಬಿಬಿಎಸ್ ಒಂದೇ ಗುರಿಯೂ ಅಲ್ಲ. ಡಯಾಲಿಸಿಸ್, ಎಕ್ಸ್‌ರೇ, ಲ್ಯಾಬು, ಫಿಸಿಯೋಥೆರಪಿ, ಎಲ್ಲಕ್ಕೂ ಓದಿದವರು ಬೇಕು. ಜಿಎನ್‌ಎಂ ನರ್ಸಿಂಗಿಗೆ ಪಿಯುಸಿಯಲ್ಲಿ ಸೈನ್ಸೇ ಓದಿರಬೇಕೆಂಬ ಕಡ್ಡಾಯವೂ ಇಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ರೋಗಿಯ ಜೊತೆಗೆ ಮಾತ್ರ ಹೋಗಿಬಂದ ಮಕ್ಕಳಿಗೆ, ಅಲ್ಲಿ ಇಷ್ಟು ಬಗೆಯ ಕೆಲಸಗಳಿವೆ ಎಂದು ತೋರಿಸಿದವರು ಯಾರು?

ಈ ಮೀಸಲು, ಈ ಓದಿನ ದಾರಿಗಳನ್ನೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಹೇಳಿದರೆ ತಡವಾಯಿತು. ಒಂಬತ್ತನೇ ಕ್ಲಾಸಿನ ಪೋಷಕರ ಸಭೆಯಲ್ಲೇ ಮೇಷ್ಟ್ರು ಇದನ್ನು ಹೇಳಲಿ. ಆರೋಗ್ಯ ಕೇಂದ್ರದ ನರ್ಸಮ್ಮನನ್ನೋ ಲ್ಯಾಬಿನವರನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ತಾವು ಏನು ಓದಿದೆವು, ಎಲ್ಲಿ ಹಾಸ್ಟೆಲ್ ಸಿಕ್ಕಿತು, ಎಷ್ಟು ಫೀಸು ಕಟ್ಟಿದೆವು ಎಂದು ಅವರು ಬಾಯಿಬಿಟ್ಟು ತಿಳಿಸಲಿ.