ಹುಳ ಕಡಿದ ಹೂ ನನ್ನ ಪಾಲಿಗೆ

ಮೈಸೂರು

ಪ್ರೀತಿಯ ಪುಟ್ಟಿ,

ಆಮ್‌ಸ್ಟರ್‌ಡ್ಯಾಮಿನಲ್ಲೇ ಮನೆ ಮಾಡಿಕೊಂಡು ಇನ್ನೂ ರೈಕ್ಸ್ ಮ್ಯೂಸಿಯಂ ನೋಡಿಲ್ಲ ಅಂತೀಯಲ್ಲೇ! ನಾನಾಗಿದ್ದರೆ ಅಲ್ಲೇ ಚಾಪೆ ಹಾಸಿಬಿಡ್ತಿದ್ದೆ. ಬಿಡುವು ಮಾಡಿಕೊಂಡು ಹೋಗು. ರಾಖೆಲ್ ರಾಯ್ಸ್ ಅನ್ನುವ ಕಲಾವಿದೆ 1716ರಲ್ಲಿ ಬರೆದ ಹೂವಿನ ಚಿತ್ರವೊಂದು ಅವರ ಸಂಗ್ರಹದಲ್ಲಿದೆ. ಗೋಡೆಗೆ ಹಾಕಿದ್ದಾರಾ ಅಂತ ಮೊದಲೇ ವಿಚಾರಿಸಿಕೊ.

ಆಕೆ ಬೆಳೆದದ್ದು ನಿಮ್ಮೂರಲ್ಲೇ. ಅಪ್ಪ ಫ್ರೆಡರಿಕ್ ಅಂಗರಚನೆಯ ಪಂಡಿತರು, 1685ರಿಂದ ಅಲ್ಲಿನ ಹೋರ್ಟಸ್ ಸಸ್ಯತೋಟದಲ್ಲಿ ಪ್ರಾಧ್ಯಾಪಕರೂ ಹೌದು. ಗಿಡ, ಬೀಜ, ಕೀಟಗಳ ನಡುವೆಯೇ ಓಡಾಡಿಕೊಂಡಿದ್ದ ಹುಡುಗಿ. ಹತ್ತು ಮಕ್ಕಳಾದರೂ ಕುಂಚ ಕೆಳಗಿಡಲಿಲ್ಲ. 1747ರ ಚಿತ್ರದಲ್ಲಿ ಸಹಿಯ ಜೊತೆಗೆ ವಯಸ್ಸನ್ನೂ ಬರೆದಿದ್ದಾಳೆ, 83 ಅಂತ. ಜಂಬ ಅನ್ನು ಬೇಕಾದರೆ. ನನಗಂತೂ ಇಷ್ಟವಾಯ್ತು.

ಆಕೆಯ ಚಿತ್ರಗಳ ಹೂದಾನಿಗಳನ್ನು ಸುಮ್ಮನೆ ನಂಬಬೇಡ. ವಸಂತದ ಟುಲಿಪ್ಪೂ ಬೇಸಿಗೆಯ ಗಸಗಸೆ ಹೂವೂ ಒಟ್ಟಿಗೆ ಕೂತಿರುತ್ತವೆ. ನಿಜದಲ್ಲಿ ಅವು ಒಂದರ ಮುಖ ಇನ್ನೊಂದು ನೋಡೋದೇ ಇಲ್ಲ. ಆ ಕಾಲದ ಹೂಚಿತ್ರಕಾರರು ಒಂದೊಂದನ್ನೂ ಅದರದರ ಋತುವಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಒಂದೆಡೆ ಸೇರಿಸುತ್ತಿದ್ದರು. ತೋಟದವರ ತಾಳ್ಮೆ ಇಲ್ಲದವರಿಗೆ ಈ ಕೆಲಸ ಆಗಿಬರೋದಿಲ್ಲ.

ದೇವರಾಜ ಮಾರುಕಟ್ಟೆಯ ಹೂ ತಂದು ಬರೆಯೋದು ನಾನು ಬಿಟ್ಟದ್ದೂ ಇದಕ್ಕೇ. ಅಲ್ಲಿ ಸಿಗೋದು ಹೂವಿನ ಒಂದೇ ವಯಸ್ಸು. ಗಿಡದ ಮೇಲಾದರೆ ಬಾಳೆಲ್ಲ ಕಾಣುತ್ತೆ. ಹಿತ್ತಿಲ ಬೆಟ್ಟದಾವರೆ ನೋಡು: ಬೆಳಿಗ್ಗೆ ಬಿಳಿ, ಮಧ್ಯಾಹ್ನ ತಿಳಿಗುಲಾಬಿ, ಸಂಜೆಗೆ ಕೆಂಪು. ಬಣ್ಣ ಕಲಸಿ ತಿರುಗುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತೆ. ನಿನ್ನೆ ಮುದುಡಿದ ಕೆಂಪು, ಇವತ್ತಿನ ಬಿಳಿ, ನಾಳೆಯ ಮೊಗ್ಗು ಒಂದೇ ರೆಂಬೆಯಲ್ಲಿವೆ. ಈಗ ಕ್ಯಾನ್ವಾಸಿನ ಮೇಲಿರೋದು ಆ ರೆಂಬೆಯೇ. ಬಿಳಿಯ ನೆರಳು ಇನ್ನೂ ಹದಕ್ಕೆ ಬಂದಿಲ್ಲ; ಒಂಚೂರು ಹಸಿರು ಬೆರೆಸಿದರೆ ಸರಿಹೋದೀತು.

ಅಮ್ಮನಿಗೂ ನನಗೂ ದಿನಾ ಬೆಳಿಗ್ಗೆ ಹೂವಿನ ಜಗಳ. ನಾನು ಏಳುವ ಮೊದಲೇ ಬುಟ್ಟಿ ಹಿಡಿದು ದಾಸವಾಳದ ಗಿಡ ಬೋಳಿಸಿರ್ತಾಳೆ. ಹುಳ ಕಡಿದದ್ದು ಪೂಜೆಗೆ ಬಾರದು ಅಂತ ಗಿಡದಲ್ಲೇ ಬಿಟ್ಟಿರ್ತಾಳೆ, ಅದು ನನ್ನ ಪಾಲು. ನಿಜ ಹೇಳಲಾ? ನನಗೆ ಬೇಕಾದದ್ದೂ ಅದೇ. ರಾಖೆಲ್‌ಳ ಚಿತ್ರದ ಹತ್ತಿರ ನಿಂತಾಗ ಎಲೆಯ ತೂತು, ಅಂಚಿನಲ್ಲಿ ಹರಿಯುವ ಹುಳ ಹುಡುಕು. ಹೂವಿಗಿಂತ ಅವನ್ನೇ ಅಕ್ಕರೆಯಿಂದ ಬರೆದಿದ್ದಾಳೇನೋ ಅನಿಸುತ್ತೆ. ಎಲೆಗಳ ಹಸಿರು ನೀಲಿಗೆ ತಿರುಗಿದೆಯಾ, ಅದನ್ನೂ ನೋಡು. ಆಗಿನ ಹಸಿರಿಗೆ ಬೆರೆಸುತ್ತಿದ್ದ ಸಸ್ಯಮೂಲದ ಹಳದಿ ಬೆಳಕಿಗೆ ಮಾಸಿಹೋಗುತ್ತೆ. ಹಲವು ಡಚ್ ಚಿತ್ರಗಳಲ್ಲಿ ಈಗ ಉಳಿದಿರೋದು ಬರೀ ನೀಲಿ.

ಬರುವಾಗ ಏನು ತರಲಿ ಅಂತ ಕೇಳಿದ್ದೆಯಲ್ಲ, ಟುಲಿಪ್ ಗೆಡ್ಡೆ ಮಾತ್ರ ಬೇಡ. ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ನಮ್ಮ ಧನುರ್ಮಾಸದ ಚಳಿ ಎಲ್ಲಿ ಸಾಕು! ಫ್ರಿಜ್ಜಿನಲ್ಲಿ ಇಡೋಣ ಅಂದರೆ ಅಮ್ಮ ಈರುಳ್ಳಿ ಅಂತ ಸಾರಿಗೆ ಹಾಕಿಬಿಟ್ಟಾಳು. ಒಳ್ಳೆಯ ಸಣ್ಣ ಮೊನೆಯ ಕುಂಚ ಎರಡು ತಾ. ಆ ಎಲೆಯ ತೂತಿನದೊಂದು ಫೋಟೋ ಮೊದಲೇ ಕಳಿಸು.

ನಿನ್ನ
ಅಕ್ಕ