ಉಗ್ರಾಣದ ಬಾಗಿಲು

ಡಬ್ಬಿಯ ಮೇಲೆ ದಪ್ಪನಾಗಿ ಅಚ್ಚಾದ ಅಂಕಿಯನ್ನು ಓದಿ ಒಳಗಿನ ಸರಕಿಗೆ ಬೆಲೆ ಕಟ್ಟುವುದು ನಮ್ಮ ಗೃಹಸ್ಥರ ಹಳೆಯ ಅಭ್ಯಾಸ. ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರದಲ್ಲಿ ಆ ಅಂಕಿ ಮೆಮರಿಯದು: 2 ಜಿಬಿ, 4 ಜಿಬಿ. ಕೈಯಲ್ಲಿ ಹಣ ಕಡಿಮೆಯಿರುವವನು ವಿಚಾರಿಸಬೇಕಾದ ಅಂಕಿಯಾದರೋ ಬೇರೆಯೇ ಒಂದಿದೆ.

ಮದುವೆಮನೆಯ ಅಡುಗೆಯನ್ನು ನೆನೆದುಕೊಳ್ಳಿ. ಉಗ್ರಾಣದ ತುಂಬ ಅಕ್ಕಿ ಬೇಳೆಗಳಿರಬಹುದು. ಒಲೆಗಳ ಮುಂದೆ ನುರಿತ ಬಾಣಸಿಗರೂ ಇರಬಹುದು. ಉಗ್ರಾಣದ ಬಾಗಿಲು ಒಬ್ಬನೇ ನುಸುಳುವಷ್ಟು ಕಿರಿದಾಗಿದ್ದರೆ ಬಾಣಸಿಗರು ಸೌಟು ಹಿಡಿದು ನಿಲ್ಲುವರು, ಪಂಕ್ತಿಯಲ್ಲಿ ಬೀಗರು ಬರಿಯ ಎಲೆ ನೋಡುತ್ತ ಕುಳಿತಿರುವರು. ಉಗ್ರಾಣದ ಗಾತ್ರವೇ ಮೆಮರಿ. ಒಂದು ಸೆಕೆಂಡಿನಲ್ಲಿ ಆ ಬಾಗಿಲನ್ನು ದಾಟಬಲ್ಲ ಸಾಮಗ್ರಿಯೇ ಮೆಮರಿ ಬ್ಯಾಂಡ್‌ವಿಡ್ತ್. 1920ಕ್ಕೆ 1080ರ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಸೆಕೆಂಡಿಗೆ 60 ಸಲ ಅವನ್ನೆಲ್ಲ ಹೊಸದಾಗಿ ಬರೆಯಬೇಕಾದಾಗ ಬಾಗಿಲಿನ ನೂಕುನುಗ್ಗಲು ಎಷ್ಟಿದ್ದೀತು!

ಎನ್‌ವಿಡಿಯಾದ ಜಿಟಿ 1030 ಕಾರ್ಡು 2017ರಲ್ಲಿ ಬಂದಿತು. ಮರುವರ್ಷ ಅದೇ ಹೆಸರಿನಲ್ಲಿ ಇನ್ನೊಂದು ಬಂದಿತು. ಎರಡರಲ್ಲೂ 2 ಜಿಬಿ, ಎರಡರಲ್ಲೂ ಕೋರ್ ಎಂಬ 384 ಲೆಕ್ಕಿಗರು, ಮೆಮರಿಗೆ 64 ಬಿಟ್ ಅಗಲದ ದಾರಿ. ಆದರೆ ಮೊದಲನೆಯದು ಜಿಡಿಡಿಆರ್5; ದಾರಿಯ ಒಂದೊಂದು ಎಳೆಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್. 64ರಿಂದ ಗುಣಿಸಿ 8ರಿಂದ ಭಾಗಿಸಿದರೆ 48 ಗಿಗಾಬೈಟ್. ಎರಡನೆಯದು ಡಿಡಿಆರ್4, ಅದೇ ಲೆಕ್ಕದಲ್ಲಿ 16.8 ಮಾತ್ರ. ಅನೇಕ ಆಟಗಳಲ್ಲಿ ಇದರ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಅವಳಿಗಳಿಗೆ ಒಂದೇ ಹೆಸರಿಟ್ಟ ಔಚಿತ್ಯ ನನಗಂತೂ ಹೊಳೆಯದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ, ಬಳಸಿದ ಸರಕಿನ ರಾಶಿಯ ನಡುವೆ, ಈ ಎರಡೂ ಒಟ್ಟಿಗೆ ಕಾಣಸಿಕ್ಕವು. ಜೊತೆಗಿದ್ದವನು ನನ್ನ ಸೋದರಳಿಯ. ಅನಿಮೇಷನ್ ಕಲಿಯುವ ಹಂಬಲ ಅವನಿಗೆ. ಆಟದ ಹಂಬಲವೂ ಇದ್ದೀತೆಂದು ನನ್ನ ಗುಮಾನಿ. ಜೇಬಿನಲ್ಲಿದ್ದುದು ಮನೆಪಾಠ ಹೇಳಿ ತಿಂಗಳುಗಟ್ಟಲೆ ಕೂಡಿಸಿದ ಹಣ.

“ಮಾವ, ಎರಡೂ 2 ಜಿಬಿಯೇ ಅಲ್ಲವೆ? ಕಡಿಮೆ ಬೆಲೆಯದನ್ನೇ ಕೊಳ್ಳೋಣ,” ಎಂದ.

ನಾನು ಉಗ್ರಾಣದ ಕಥೆ ಹೇಳಿದೆ. ಅಂಗಡಿಯವರು ನಕ್ಕು, “ನಿಮ್ಮಲ್ಲಿರುವ ಪ್ರೊಸೆಸರ್ ಯಾವುದಪ್ಪ?” ಎಂದು ಕೇಳಿದರು. ರೈಜನ್ 5 5600ಜಿ. ಚಿತ್ರ ಬಿಡಿಸುವ ಭಾಗ ಅದರೊಳಗೇ ಇದೆ. ಅದಕ್ಕೆ ಸ್ವಂತ ಉಗ್ರಾಣವಿಲ್ಲ, ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಕಡ ತರಬೇಕು. ಹುಡುಗ ಹಾಕಿಸಿದ್ದುದು 8 ಜಿಬಿಯ ಒಂದೇ ಡಿಡಿಆರ್4-3200 ಪಟ್ಟಿ. ಅಂದರೆ ಸೆಕೆಂಡಿಗೆ 25.6 ಗಿಗಾಬೈಟ್. ಅಂಥದೇ ಇನ್ನೊಂದನ್ನು ಸರಿಯಾದ ಕಿಂಡಿಯಲ್ಲಿ ಜೋಡಿಸಿದರೆ ಬಾಗಿಲು ಎರಡಾಗಿ 51.2. ಅದರಲ್ಲಿ ಪ್ರೊಸೆಸರಿನ ಇತರ ಕೆಲಸಗಳಿಗೂ ಪಾಲು ಹೋಗುವುದು ನಿಜ, ಆದರೂ 16.8ರ ಮುಂದೆ ಅದು ರಾಜಬಾಗಿಲು.

ಕಾರ್ಡು ಮಾರಿ ಲಾಭ ಮಾಡಿಕೊಳ್ಳಬಹುದಾಗಿದ್ದವರು ರ‍್ಯಾಮಿನ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ಹುಡುಗ ನನ್ನ ಮುಖ ನೋಡಿದ, ಮನಸ್ಸಿನಲ್ಲೇ ಒಮ್ಮೆ ಗುಣಿಸಿ ನೋಡಿದ. ಬಳಿಕ ಹಣ ಎಣಿಸಿಕೊಟ್ಟು, ಉಳಿದುದನ್ನು ಮಡಿಸಿ ಒಳಜೇಬಿಗೆ ಸೇರಿಸಿದ.